8 ಜಿಬಿ ರ‍್ಯಾಮ್ ಇರುವ ಪಿಸಿಯಲ್ಲಿ 32 ಟಿಬಿ ಎಲ್ಲಿಂದ ಬಂತು? ಕರ್ನಲ್ ಅಡ್ರೆಸ್‌ಗಳ ಬಗ್ಗೆ ಚರ್ಚೆ

ತೊಗರಿಕಣಜ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಕಂಪ್ಯೂಟರ್ ಸೈನ್ಸ್ ಏಳನೇ ಸೆಮಿಸ್ಟರ್ ಓದುತ್ತಿದ್ದೇನೆ. ಲ್ಯಾಬ್ ಪಿಸಿಯಲ್ಲಿ ಉಬುಂಟು ಇದೆ, ರ‍್ಯಾಮ್ 8 ಜಿಬಿ. ಪ್ರೋಕ್ ಫೋಲ್ಡರಿನ ಮೆಮ್‌ಇನ್ಫೋ ಫೈಲ್ ತೆರೆದು ಒಂದೊಂದೇ ಸಾಲು ನೋಡುತ್ತಾ ಹೋದೆ. ಮೆಮ್‌ಟೋಟಲ್ ಸರಿಯಾಗೇ ಇದೆ. ಕೆಳಗೆ ವಿಮ್ಯಾಲಾಕ್‌ಟೋಟಲ್ ಅಂತ ಒಂದು ಸಾಲು, ಅದರ ಮುಂದೆ 34359738367 ಕೆಬಿ. ಲೆಕ್ಕ ಹಾಕಿದರೆ 32 ಟಿಬಿ ಆಗುತ್ತದೆ. ಹಾರ್ಡ್ ಡಿಸ್ಕೇ 1 ಟಿಬಿ! ಪಕ್ಕದ ಪಿಸಿಯಲ್ಲಿ ರ‍್ಯಾಮ್ 4 ಜಿಬಿ, ಅಲ್ಲೂ ಇದೇ ಸಂಖ್ಯೆ. ಒಂದಂಕಿಯೂ ಬದಲಿಲ್ಲ.

ಗೆಳತಿ "ಸ್ವಾಪ್ ಸೇರಿಸಿ ತೋರಿಸ್ತದೆ" ಅಂದಳು. ಸ್ವಾಪ್ ಅಂದರೆ ರ‍್ಯಾಮ್ ಸಾಲದಾಗ ಬಳಸುವ ಡಿಸ್ಕಿನ ಜಾಗ. ನನಗೆ ಹಾಗನಿಸಲಿಲ್ಲ. ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ತನ್ನ ಮೆಮೊರಿಯನ್ನು ಹೇಗೆ ಹಂಚಿಟ್ಟುಕೊಂಡಿದೆ ಅಂತ ಬುಡದಿಂದ ಯಾರಾದರೂ ಹೇಳ್ತೀರಾ?

ಆಳಂದ ರೋಡ್ (ಕಲಬುರಗಿ)

ಸ್ವಾಪ್ ಖಂಡಿತ ಅಲ್ಲ. ಸ್ವಾಪ್‌ಟೋಟಲ್ ಅಂತ ಅದೇ ಫೈಲಿನಲ್ಲಿ ಬೇರೆ ಸಾಲೇ ಇದೆ. ಉಳಿದದ್ದು ಕಾರಂಜಾ ಅವರು ಹೇಳಬೇಕು.

ಕಾರಂಜಾ (ಬೀದರ್)

ತಂಗಿ, ಒಳ್ಳೆ ಪ್ರಶ್ನೆ. ಇದು ಅರ್ಥ ಆದರೆ ಮೆಮೊರಿ ಪಾಠದ ಅರ್ಧ ಭಾಗ ತಾನೇ ಬಿಡಿಸಿಕೊಳ್ಳುತ್ತದೆ.

ಮೊದಲ ಮಾತು: ಅಡ್ರೆಸ್ ಬೇರೆ, ಮೆಮೊರಿ ಬೇರೆ. ಹುಮನಾಬಾದ್ ರಿಂಗ್ ರೋಡ್ ಕಡೆ ಹೊಸ ಲೇಔಟ್ ನೋಡಿರ್ತೀಯ. ಕಲ್ಲು ನೆಟ್ಟು ಪ್ಲಾಟ್ ನಂಬರ್ ಬರೆದಿರುತ್ತಾರೆ. ನಂಬರ್ ನೂರಾರು, ಮನೆ ನಾಲ್ಕೋ ಐದೋ. ನಿನಗೆ ಕಂಡ 32 ಟಿಬಿ ಆ ನಂಬರುಗಳ ಲೆಕ್ಕ, ಮನೆಗಳ ಲೆಕ್ಕ ಅಲ್ಲ. ಅದಕ್ಕೇ ರ‍್ಯಾಮ್ 4 ಇದ್ದರೂ 8 ಇದ್ದರೂ ಅದು ಬದಲಾಗಲ್ಲ. ಅದರ ಕೆಳಗೇ ವಿಮ್ಯಾಲಾಕ್‌ಯೂಸ್ಡ್ ಅಂತ ಸಾಲಿದೆ, ನೋಡು. ಈಗಿನ ಕರ್ನಲ್‌ಗಳಲ್ಲಿ ಅದು ನಿಜವಾಗಿ ಬಳಸಿದ್ದನ್ನು ತೋರಿಸುತ್ತದೆ. ಲ್ಯಾಬ್ ಪಿಸಿಯಲ್ಲಿ ಎಂಬಿ ಲೆಕ್ಕದಲ್ಲಷ್ಟೇ ಇರುತ್ತದೆ.

ಈಗ ಇಡೀ ಲೆಕ್ಕ. ಇಂಟೆಲ್, ಎಎಂಡಿಯ 64 ಬಿಟ್ ಪ್ರೊಸೆಸರುಗಳು ಸಾಮಾನ್ಯವಾಗಿ 64 ಬಿಟ್‌ನಲ್ಲಿ 48 ಮಾತ್ರ ಅಡ್ರೆಸ್‌ಗೆ ಬಳಸುತ್ತವೆ. 48 ಬಿಟ್ ಅಂದರೆ 256 ಟಿಬಿ. ಲಿನಕ್ಸ್ ಇದನ್ನು ಸರಿ ಅರ್ಧ ಮಾಡುತ್ತದೆ. ಕೆಳಗಿನ 128 ಟಿಬಿ ಪ್ರೋಗ್ರಾಮಿಗೆ, ಮೇಲಿನ 128 ಟಿಬಿ ಕರ್ನಲ್‌ಗೆ. ನಡುವೆ ಭಾರೀ ದೊಡ್ಡ ಖಾಲಿ ಜಾಗ. ಮೇಲಿನ 16 ಬಿಟ್‌ಗಳು 47ನೇ ಬಿಟ್‌ನಂತೆಯೇ ಇರಬೇಕು ಅನ್ನೋದು ಪ್ರೊಸೆಸರಿನ ನಿಯಮ. ಅದು ಸೊನ್ನೆ ಆದರೆ ಎಲ್ಲ ಸೊನ್ನೆ, ಒಂದು ಆದರೆ ಎಲ್ಲ ಒಂದು. ಕರ್ನಲ್ ಅಡ್ರೆಸ್‌ಗಳೆಲ್ಲ ನಾಲ್ಕು ಎಫ್‌ನಿಂದ ಶುರುವಾಗೋದು ಇದಕ್ಕೇ. ನಿಯಮ ತಪ್ಪಿದ ಅಡ್ರೆಸ್ ಮುಟ್ಟಿದರೆ ಪೇಜ್ ಟೇಬಲ್ (ಯಾವ ಅಡ್ರೆಸ್ ರ‍್ಯಾಮಿನ ಯಾವ ಪೇಜಿಗೆ, ಅಂದರೆ ಯಾವ ತುಂಡಿಗೆ, ಹೋಗುತ್ತದೆ ಅಂತ ಬರೆದಿಟ್ಟ ಪಟ್ಟಿ) ನೋಡುವ ಮೊದಲೇ ಪ್ರೊಸೆಸರ್ ಎರರ್ ಕೊಡುತ್ತದೆ.

48ರಲ್ಲಿ ಕೊನೆಯ 12 ಬಿಟ್ ಪೇಜಿನ ಒಳಗಿನ ಜಾಗ, ಯಾಕೆಂದರೆ ಪೇಜ್ 4096 ಬೈಟ್. ಉಳಿದ 36 ಬಿಟ್ ಒಂಬತ್ತರ ನಾಲ್ಕು ತುಂಡು. ಒಂದೊಂದು ತುಂಡು ಒಂದೊಂದು ಮಟ್ಟದ ಟೇಬಲಿನಲ್ಲಿ ಯಾವ ಸಾಲು ಅಂತ ಹೇಳುತ್ತದೆ. ಟೇಬಲಿನಲ್ಲಿ 512 ಸಾಲು, ಸಾಲಿಗೆ 8 ಬೈಟ್. ಗುಣಿಸಿ ನೋಡು, 4096. ಅಂದರೆ ಒಂದು ಟೇಬಲ್ ಕೂಡ ಸರಿಯಾಗಿ ಒಂದು ಪೇಜಿನಲ್ಲಿ ಕೂರುತ್ತದೆ. ಎಲ್ಲಕ್ಕಿಂತ ಮೇಲಿನ ಟೇಬಲಿನ ಒಂದು ಸಾಲು 512 ಜಿಬಿ ಅಡ್ರೆಸ್ ನೋಡಿಕೊಳ್ಳುತ್ತದೆ. 256 ಸಾಲು ಪ್ರೋಗ್ರಾಮಿನದು, 256 ಸಾಲು ಕರ್ನಲ್‌ನದು.

ತೊಗರಿಕಣಜ

ತುಂಬಾ ಥ್ಯಾಂಕ್ಸ್ ಅಣ್ಣಾ. ಅರ್ಧ ಅರ್ಧ ಆಗೋದು ತಿಳಿಯಿತು. ಆದರೆ 32 ಟಿಬಿಯೇ ಯಾಕೆ? ಕರ್ನಲ್‌ಗೆ 128 ಟಿಬಿ ಇದೆಯಲ್ಲಾ, ಉಳಿದದ್ದು ಎಲ್ಲಿ ಹೋಯಿತು? ಇನ್ನೊಂದು, ಪ್ರತಿ ಪ್ರೋಗ್ರಾಮಿನ ಟೇಬಲಿನಲ್ಲೂ ಕರ್ನಲ್‌ನ 256 ಸಾಲು ಇದ್ದರೆ ರ‍್ಯಾಮ್ ದಂಡ ಆಗಲ್ವಾ?

ಆಳಂದ ರೋಡ್

ಎರಡನೇದಕ್ಕೆ ನಾನು ಹೇಳ್ತೀನಿ. ಆ 256 ಸಾಲುಗಳು ಎಲ್ಲ ಪ್ರೋಗ್ರಾಮುಗಳಲ್ಲೂ ಅದೇ ಕೆಳಗಿನ ಟೇಬಲುಗಳನ್ನು ತೋರಿಸುತ್ತವೆ. ಮೇಲಿನ ಒಂದು ಪೇಜ್ ಮಾತ್ರ ಪ್ರತಿ ಪ್ರೋಗ್ರಾಮಿಗೆ ಬೇರೆ. ಕೆಳಗಿನದೆಲ್ಲ ಒಂದೇ ಸೆಟ್, ಹಂಚಿಕೊಂಡದ್ದು. ದಂಡ ಏನಿಲ್ಲ.

ಕಾರಂಜಾ

ಹೌದ್ರೀ, ಅಷ್ಟೇ.

ಇನ್ನು ಆ 128 ಟಿಬಿ. ಇದನ್ನು ಉರು ಹೊಡೆಯಬೇಡ. ಒಂದೊಂದು ಭಾಗ ಯಾಕಿದೆ ಅಂತ ಹಿಡಿದುಕೋ. ನಾಲ್ಕು ಭಾಗ ಗೊತ್ತಿದ್ದರೆ ಸಾಕು.

ಮೊದಲನೇದು ಡೈರೆಕ್ಟ್ ಮ್ಯಾಪ್, 64 ಟಿಬಿ. ಶುರು ಎಫ್‌ಎಫ್‌ಎಫ್‌ಎಫ್-8880-0000-0000ರಿಂದ. ಪಿಸಿಯ ರ‍್ಯಾಮ್ ಪೂರ್ತಿ ಇಲ್ಲಿ ಮೊದಲಿಂದ ಕೊನೆವರೆಗೆ ಸಾಲಾಗಿ ಕಾಣುತ್ತದೆ. ಫಿಸಿಕಲ್ ಅಡ್ರೆಸ್, ಅಂದರೆ ರ‍್ಯಾಮಿನೊಳಗಿನ ನಿಜವಾದ ಜಾಗದ ಸಂಖ್ಯೆ, ಬೇಕಾದರೆ ಶುರುವಿನ ಸಂಖ್ಯೆ ಕಳೆದರೆ ಆಯಿತು, ಟೇಬಲ್ ಹುಡುಕಬೇಕಿಲ್ಲ. ಕರ್ನಲ್‌ನ ದಿನದ ಕೆಲಸ ಜಾಸ್ತಿ ನಡೆಯೋದು ಇಲ್ಲೇ. ಕೆಮ್ಯಾಲಾಕ್ (ಕರ್ನಲ್ ಒಳಗೆ ಮೆಮೊರಿ ಕೇಳಿ ಪಡೆಯುವ ಫಂಕ್ಷನ್) ಕೊಡುವ ಮೆಮೊರಿ ಕೂಡ ಇಲ್ಲಿನದೇ. ಇದನ್ನು 4 ಕೆಬಿ ಪೇಜುಗಳಲ್ಲಿ ಕಟ್ಟಿದರೆ ಟೇಬಲುಗಳೇ ಜಾಸ್ತಿ ಆಗುತ್ತವೆ. ಅದಕ್ಕೆ ಸಾಧ್ಯವಾದ ಕಡೆ 2 ಎಂಬಿ, 1 ಜಿಬಿ ಪೇಜ್ ಹಾಕುತ್ತಾರೆ. ಮೆಮ್‌ಇನ್ಫೋ ಕೊನೆಯಲ್ಲಿ ಡೈರೆಕ್ಟ್‌ಮ್ಯಾಪ್ ಹೆಸರಿನ ಮೂರು ಸಾಲಿವೆ, ಕೂಡಿಸಿ ನೋಡು.

ಎರಡನೇದು ನಿನ್ನ ವಿಮ್ಯಾಲಾಕ್, 32 ಟಿಬಿ, ಎಫ್‌ಎಫ್‌ಎಫ್‌ಎಫ್-ಸಿ900-0000-0000ರಿಂದ. ಪಿಸಿ ತುಂಬಾ ಹೊತ್ತು ಓಡಿದ ಮೇಲೆ ರ‍್ಯಾಮ್ ಚೂರು ಚೂರಾಗಿರುತ್ತದೆ. ಪಕ್ಕಪಕ್ಕದ ದೊಡ್ಡ ಜಾಗ ಸಿಗಲ್ಲ. ಆಗ ಎಲ್ಲೆಲ್ಲೋ ಇರುವ ಪೇಜುಗಳನ್ನು ತಂದು ಇಲ್ಲಿ ಪಕ್ಕಪಕ್ಕದ ಅಡ್ರೆಸ್‌ಗೆ ಜೋಡಿಸುತ್ತಾರೆ. ಕರ್ನಲ್ ಕಣ್ಣಿಗೆ ಅದು ಒಂದೇ ಉದ್ದ ತುಂಡು. ಪ್ರತಿ ತುಂಡಿನ ಕೊನೆಗೆ ಏನೂ ಜೋಡಿಸದ ಒಂದು ಕಾವಲು ಪೇಜ್ ಬಿಡುತ್ತಾರೆ. ಯಾರಾದರೂ ಗಡಿ ದಾಟಿದರೆ ಅಲ್ಲೇ ಸಿಕ್ಕಿಬೀಳುತ್ತಾರೆ. 2016ರ 4.9 ಕರ್ನಲ್‌ನಿಂದ ಕರ್ನಲ್ ಸ್ಟ್ಯಾಕುಗಳನ್ನೂ (ಫಂಕ್ಷನ್ ಓಡುವಾಗ ತಾತ್ಕಾಲಿಕ ಲೆಕ್ಕ ಇಡುವ ಜಾಗ) ಇಲ್ಲಿಡುವ ವ್ಯವಸ್ಥೆ ಬಂತು. ಸ್ಟ್ಯಾಕ್ 16 ಕೆಬಿ ಮಾತ್ರ. ಮೊದಲು ಅದು ತುಂಬಿದರೆ ಪಕ್ಕದವರ ಮೆಮೊರಿ ಸದ್ದಿಲ್ಲದೆ ಹಾಳಾಗುತ್ತಿತ್ತು. ಈಗ ಕಾವಲು ಪೇಜ್ ತಾಗಿ ಅಲ್ಲೇ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಕರ್ನಲ್‌ನಲ್ಲಿ ಆದ ಅತ್ಯುತ್ತಮ ಬದಲಾವಣೆಗಳಲ್ಲಿ ಇದೊಂದು.

ನಿನ್ನ ಸಂಖ್ಯೆ 7ರಲ್ಲಿ ಮುಗಿಯುತ್ತದೆ, 8 ಅಲ್ಲ. ಗಮನಿಸಿದೆಯಾ? 32 ಟಿಬಿ ಸರಿಯಾಗಿ 34359738368 ಕೆಬಿ. ಕರ್ನಲ್ ಕೋಡಿನಲ್ಲಿ ಕೊನೆ ಅಂದರೆ ಕೊನೆಯ ಬೈಟಿನ ಅಡ್ರೆಸ್. ಕೊನೆಯಿಂದ ಶುರು ಕಳೆದಾಗ ಒಂದು ಬೈಟ್ ಕಡಿಮೆ ಬರುತ್ತದೆ. ಕೆಬಿಗೆ ಇಳಿಸುವಾಗ ಆ ಒಂದು ಬೈಟ್ ಒಂದು ಇಡೀ ಕೆಬಿ ತಿನ್ನುತ್ತದೆ.

ಮೂರನೇದು ವಿಮೆಮ್‌ಮ್ಯಾಪ್, 1 ಟಿಬಿ. ರ‍್ಯಾಮಿನ ಪ್ರತಿ 4 ಕೆಬಿ ಪೇಜಿಗೂ ಕರ್ನಲ್ 64 ಬೈಟಿನ ಒಂದು ದಾಖಲೆ ಇಡುತ್ತದೆ. ಯಾರು ಬಳಸುತ್ತಿದ್ದಾರೆ, ಎಷ್ಟು ಜನ ಹಿಡಿದಿದ್ದಾರೆ, ಹೀಗೆ. 8 ಜಿಬಿಗೆ ಸುಮಾರು 20 ಲಕ್ಷ ಪೇಜ್, ಆ ದಾಖಲೆಗಳಿಗೇ 128 ಎಂಬಿ ರ‍್ಯಾಮ್ ಹೋಗುತ್ತದೆ. ಇಲ್ಲಿ ಹೋಗೋದು ನಿಜವಾದ ರ‍್ಯಾಮ್, ಬರೀ ಅಡ್ರೆಸ್ ಅಲ್ಲ.

ನಾಲ್ಕನೇದು ಎಲ್ಲಕ್ಕಿಂತ ಮೇಲಿನ 2 ಜಿಬಿ. ಅಲ್ಲಿ ಕರ್ನಲ್‌ನ ಕೋಡ್, ಅದರ ಪಕ್ಕ ಮಾಡ್ಯೂಲುಗಳು, ಅಂದರೆ ಬೇಕಾದಾಗ ಕರ್ನಲ್ಲಿಗೆ ಸೇರಿಸುವ ತುಂಡುಗಳು. 128 ಟಿಬಿ ಬಯಲಿದ್ದರೂ ಇವನ್ನು ಒಂದು ಮೂಲೆಗೆ ಯಾಕೆ ಒತ್ತಿದರು? ಈ ಪ್ರೊಸೆಸರಿನ ಕಾಲ್ ಇನ್‌ಸ್ಟ್ರಕ್ಷನ್‌ನಲ್ಲಿ ದೂರ ಬರೆಯಲು 32 ಬಿಟ್ ಅಷ್ಟೇ ಇರುತ್ತದೆ. ಹಿಂದಕ್ಕೆ 2 ಜಿಬಿ, ಮುಂದಕ್ಕೆ 2 ಜಿಬಿ. ಮಾಡ್ಯೂಲ್ ಅದಕ್ಕಿಂತ ದೂರ ಕೂತರೆ ಕರ್ನಲ್‌ನ ಫಂಕ್ಷನ್ನನ್ನು ನೇರವಾಗಿ ಕರೆಯಲು ಆಗಲ್ಲ.

ಇನ್ನೊಂದು ಸೊಗಸು ಇದೆ. ಕರ್ನಲ್ ಕೋಡ್ ಕೂತಿರೋದು ರ‍್ಯಾಮಿನಲ್ಲೇ ತಾನೇ? ಹಾಗಾಗಿ ಅದು ಡೈರೆಕ್ಟ್ ಮ್ಯಾಪಿನಲ್ಲೂ ಇದೆ, ಈ ಮೇಲಿನ ಮೂಲೆಯಲ್ಲೂ ಇದೆ. ಒಂದೇ ಪೇಜಿಗೆ ಎರಡು ಅಡ್ರೆಸ್.

ಶಹಾಪುರದವ (ಯಾದಗಿರಿ ಜಿಲ್ಲೆ, ಈಗ ಹೈದರಾಬಾದ್)

ಒಂದು ಸೇರಿಸ್ತೀನಿ, ಇಲ್ಲಾಂದ್ರೆ ತಂಗಿಗೆ ಗೊಂದಲ ಆಗುತ್ತದೆ. ಕಾರಂಜಾ ಅವರು ಹೇಳಿದ ಶುರುವಿನ ಅಡ್ರೆಸ್‌ಗಳು ಕರ್ನಲ್ ದಾಖಲೆಯಲ್ಲಿರುವಂಥವು. ಉಬುಂಟು ಪಿಸಿಯಲ್ಲಿ ಕೆಎಎಸ್‌ಎಲ್‌ಆರ್ ಚಾಲೂ ಇರುತ್ತದೆ. ಪ್ರತಿ ಸಲ ಬೂಟ್ ಆದಾಗಲೂ ಡೈರೆಕ್ಟ್ ಮ್ಯಾಪ್, ವಿಮ್ಯಾಲಾಕ್, ವಿಮೆಮ್‌ಮ್ಯಾಪ್ ಮೂರೂ ಬೇರೆ ಬೇರೆ ಕಡೆ ಶುರುವಾಗುತ್ತವೆ. ಒಂದಾದ ಮೇಲೊಂದು ಬರುವ ಕ್ರಮ ಮಾತ್ರ ಬದಲಾಗಲ್ಲ. ಕರ್ನಲ್ ಎಲ್ಲಿದೆ ಅಂತ ದಾಳಿ ಮಾಡುವವನಿಗೆ ಊಹಿಸಲು ಆಗಬಾರದು ಅಂತ ಈ ಏರ್ಪಾಡು. ಓದಲಿಕ್ಕಾಗಿ ನೋಡೋದಾದರೆ ವರ್ಚುವಲ್ ಮಷೀನ್ ಒಳಗೆ ನೋಕೆಎಎಸ್‌ಎಲ್‌ಆರ್ ಅಂತ ಬೂಟ್ ಆಯ್ಕೆ ಕೊಟ್ಟು ನೋಡಿ. ದಾಖಲೆಯ ಅಡ್ರೆಸ್‌ಗಳು ಹಾಗೇ ಸಿಗುತ್ತವೆ. ದಿನಬಳಕೆಯ ಪಿಸಿಯಲ್ಲಿ ಆಫ್ ಮಾಡಬೇಡಿ.

ಬಹಮನಿ (ಕಲಬುರಗಿ)

ನಾನು ಇಲ್ಲೇ ಒಂದು ಕಾಲೇಜಿನಲ್ಲಿ ಆಪರೇಟಿಂಗ್ ಸಿಸ್ಟಮ್ ಪಾಠ ಮಾಡುತ್ತೇನೆ. ಈ ಗೆಳತಿ ಹೇಳಿದ "ಸ್ವಾಪ್" ಉತ್ತರ ಪ್ರತಿ ವರ್ಷ ಉತ್ತರ ಪತ್ರಿಕೆಯಲ್ಲಿ ಸಿಗುತ್ತದೆ. ವರ್ಚುವಲ್ ಮೆಮೊರಿ ಅಂದರೆ ಡಿಸ್ಕನ್ನು ರ‍್ಯಾಮ್ ಥರ ಬಳಸೋದು ಅಂತ ಮಕ್ಕಳು ಬರೆಯುತ್ತಾರೆ. ತಪ್ಪು ಅವರದಲ್ಲ. ವಿಂಡೋಸ್ ಸೆಟ್ಟಿಂಗಿನಲ್ಲಿ ಪೇಜಿಂಗ್ ಫೈಲಿನ ಗಾತ್ರ ಬದಲಿಸುವ ಜಾಗಕ್ಕೆ ವರ್ಚುವಲ್ ಮೆಮೊರಿ ಅಂತಲೇ ಹೆಸರಿದೆ. ಹಿನ್ನೆಲೆಯೂ ಇದೆ. 1962ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಬಂದ ಅಟ್ಲಾಸ್ ಕಂಪ್ಯೂಟರಿನಲ್ಲಿ ಚಿಕ್ಕ ಕೋರ್ ಮೆಮೊರಿಯನ್ನೂ ದೊಡ್ಡ ಡ್ರಮ್ಮನ್ನೂ ಒಂದೇ ಥರ ಕಾಣಿಸಬೇಕು ಅಂತಲೇ ಪೇಜುಗಳನ್ನು ತಂದರು. ಆದರೆ ಇವತ್ತು ಸ್ವಾಪ್ ಪೂರ್ತಿ ತೆಗೆದುಹಾಕಿದರೂ ವರ್ಚುವಲ್ ಮೆಮೊರಿ ಹಾಗೇ ನಡೆಯುತ್ತದೆ. ಪ್ರತಿ ಪ್ರೋಗ್ರಾಮಿಗೂ ಅದರದೇ ಅಡ್ರೆಸ್‌ಗಳು, ಒಬ್ಬರದು ಇನ್ನೊಬ್ಬರಿಗೆ ಕಾಣಬಾರದು. ಮುಖ್ಯ ಕೆಲಸ ಅದು. ಸ್ವಾಪ್ ಅದರ ಮೇಲೆ ಕಟ್ಟಿದ ಒಂದು ಸೌಲಭ್ಯ. ಪಾಠ ಶುರು ಮಾಡಬೇಕಾದ್ದೇ ಅಡ್ರೆಸ್‌ನಿಂದ, ಡಿಸ್ಕ್‌ನಿಂದ ಅಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ತೊಗರಿಕಣಜ

ಡೈರೆಕ್ಟ್‌ಮ್ಯಾಪ್ ಮೂರು ಸಾಲು ಕೂಡಿಸಿದೆ. 8 ಜಿಬಿ ಹತ್ತಿರ ಬಂತು! ಪಕ್ಕದ ಪಿಸಿಯಲ್ಲಿ 4 ಜಿಬಿ ಹತ್ತಿರ. ಅಂದರೆ ಇದು ರ‍್ಯಾಮ್ ಜತೆ ಬದಲಾಗುತ್ತದೆ, ವಿಮ್ಯಾಲಾಕ್‌ಟೋಟಲ್ ಬದಲಾಗಲ್ಲ. ಈಗ ಎರಡರ ವ್ಯತ್ಯಾಸ ಕಣ್ಣಿಗೇ ಕಾಣುತ್ತಿದೆ. ಬಹಮನಿ ಮೇಡಂ, ನಿಮ್ಮ ಮಾತನ್ನು ಗೆಳತಿಗೂ ತೋರಿಸಿದೆ.

ಭೀಮಾತೀರ (ಯಾದಗಿರಿ)

ನಾನು ಯಾದಗಿರಿ ಕಡೆ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ನಮ್ಮ ಲ್ಯಾಬಿನಲ್ಲಿ ಹಳೇ 32 ಬಿಟ್ ಪಿಸಿಗಳಿವೆ, 2 ಜಿಬಿ ರ‍್ಯಾಮ್. ಹಳೇ ಡೆಬಿಯನ್ ಹಾಕಿದ್ದೇವೆ. ಬೂಟ್ ಆಗುವಾಗ ಲೋಮೆಮ್, ಹೈಮೆಮ್ ಅಂತ ಎರಡು ಲೆಕ್ಕ ತೋರಿಸುತ್ತದೆ. ನೀವು ಹೇಳಿದ ಭಾಗಗಳಲ್ಲಿ ಹೈಮೆಮ್ ಇಲ್ಲವಲ್ಲ, ಅದು ಏನ್ರೀ?

ಕಾರಂಜಾ

ಸರ್, 32 ಬಿಟ್‌ನಲ್ಲಿ ಅಡ್ರೆಸ್‌ಗೇ ಬರ. ಒಟ್ಟು 4 ಜಿಬಿ. ಲಿನಕ್ಸ್ ಸಾಮಾನ್ಯವಾಗಿ 3 ಜಿಬಿ ಪ್ರೋಗ್ರಾಮಿಗೆ ಕೊಟ್ಟು 1 ಜಿಬಿ ತಾನು ಇಟ್ಟುಕೊಳ್ಳುತ್ತದೆ. 32 ಬಿಟ್ ವಿಂಡೋಸ್‌ನಲ್ಲಿ 2 ಜಿಬಿ, 2 ಜಿಬಿ. ಕರ್ನಲ್‌ನ ಆ 1 ಜಿಬಿಯೊಳಗೇ ಎಲ್ಲ ಆಗಬೇಕು. ವಿಮ್ಯಾಲಾಕ್ ಮತ್ತು ಇತರ ಕೆಲಸಕ್ಕೆ 128 ಎಂಬಿ ತೆಗೆದಿಟ್ಟರೆ ಡೈರೆಕ್ಟ್ ಮ್ಯಾಪಿಗೆ ಉಳಿಯೋದು 896 ಎಂಬಿ. ನಿಮ್ಮ ಪಿಸಿಯಲ್ಲಿ ಲೋಮೆಮ್ ಅದರ ಸುತ್ತಮುತ್ತ ಇರಬೇಕು.

ಉಳಿದ ಸುಮಾರು 1.1 ಜಿಬಿ ಹೈಮೆಮ್. ಅಲ್ಲಿ ರ‍್ಯಾಮ್ ಇದೆ, ಆದರೆ ಕರ್ನಲ್ ಬಳಿ ಅದಕ್ಕೆ ಕಾಯಂ ಅಡ್ರೆಸ್ ಇಲ್ಲ. ಮುಟ್ಟಬೇಕಾದಾಗ ಕೆಮ್ಯಾಪ್ ಮಾಡಿ ತಾತ್ಕಾಲಿಕ ಅಡ್ರೆಸ್ ಕೊಡಬೇಕು, ಕೆಲಸ ಮುಗಿದ ಮೇಲೆ ಬಿಡಬೇಕು. ಎಷ್ಟೋ ಸಲ ರ‍್ಯಾಮ್ ಖಾಲಿ ಇರುತ್ತದೆ, ಲೋಮೆಮ್ ಮಾತ್ರ ತುಂಬಿ ಪಿಸಿ ಒದ್ದಾಡುತ್ತದೆ. ಪಿಎಇ ಅನ್ನೋ ಪ್ರೊಸೆಸರ್ ಸೌಲಭ್ಯ ಹಾಕಿದರೆ 64 ಜಿಬಿವರೆಗೂ ರ‍್ಯಾಮ್ ಇಡಬಹುದು. ಆದರೆ ಅದು ಬೆಳೆಸೋದು ಫಿಸಿಕಲ್ ಅಡ್ರೆಸ್ ಮಾತ್ರ. ಕರ್ನಲ್‌ಗೆ ಕಾಣುವ ಕಿಟಕಿ ಅದೇ 1 ಜಿಬಿ. ಹಾಗಾಗಿ ರ‍್ಯಾಮ್ ಜಾಸ್ತಿ ಹಾಕಿದಷ್ಟೂ ಕಷ್ಟ ಜಾಸ್ತಿ. ವಿಮೆಮ್‌ಮ್ಯಾಪ್ ಥರದ ಪೇಜ್ ದಾಖಲೆಗಳೂ ಆ 896ರೊಳಗೇ ಕೂರಬೇಕಲ್ಲ.

64 ಬಿಟ್‌ನಲ್ಲಿ ಡೈರೆಕ್ಟ್ ಮ್ಯಾಪಿಗೇ 64 ಟಿಬಿ ಇರುವುದರಿಂದ ಹೈಮೆಮ್ ಅನ್ನೋದೇ ಬೇಕಿಲ್ಲ. ಸರ್, ಆ ಪಿಸಿಗಳ ಪ್ರೊಸೆಸರ್ ಒಮ್ಮೆ ನೋಡಿ. ಸಿಪಿಯುಇನ್ಫೋ ಫೈಲಿನಲ್ಲಿ ಎಲ್‌ಎಂ ಅನ್ನೋ ಫ್ಲ್ಯಾಗ್ ಇದ್ದರೆ ಅದು 64 ಬಿಟ್ ಪ್ರೊಸೆಸರ್, ಮೇಲೆ 32 ಬಿಟ್ ಸಿಸ್ಟಮ್ ಹಾಕಿದ್ದಾರೆ ಅಷ್ಟೇ. ಡೆಬಿಯನ್ 13ರಿಂದ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಕೊಡೋದನ್ನೇ ನಿಲ್ಲಿಸಿದ್ದಾರೆ. ಬದಲಿಸೋದು ಒಳ್ಳೇದು.

ಭೀಮಾತೀರ

ಇದೆ ರೀ, ಎಲ್ಲದರಲ್ಲೂ ಎಲ್‌ಎಂ ಇದೆ! ರಜೆಯಲ್ಲಿ 64 ಬಿಟ್ ಹಾಕಿಸ್ತೀನಿ.

ಶಹಾಪುರದವ

ಚರ್ಚೆ ಇಲ್ಲಿಗೆ ಬಂದಿದೆ, ನಮ್ಮ ಕೆಲಸದಲ್ಲಿ ಕಾಡುತ್ತಿರುವ ಒಂದು ಸಮಸ್ಯೆ ಕೇಳ್ತೀನಿ. ಒಂದು ಪಿಸಿಐ ಕಾರ್ಡ್. ಡೇಟಾವನ್ನು ಡಿಎಂಎ ಮೂಲಕ, ಅಂದರೆ ಪ್ರೊಸೆಸರ್ ನಡುವೆ ಬಾರದೆ, ನೇರ ರ‍್ಯಾಮಿಗೆ ಬರೆಯುತ್ತದೆ. ಮೊದಲು ಇದ್ದವರು ಬರೆದ ಡ್ರೈವರ್ ನನ್ನ ಕೈಗೆ ಬಂದಿದೆ. 2 ಎಂಬಿ ಬಫರ್. ಅದರಲ್ಲಿ ಮೊದಲ 4096 ಬೈಟ್ ಪಕ್ಕಾ ಸರಿ ಬರುತ್ತದೆ. 4097ನೇ ಬೈಟಿನಿಂದ ಹಳೇ ಕಸ. ಅದೂ ಅಲ್ಲದೆ ಆಗಾಗ ಸಂಬಂಧವೇ ಇಲ್ಲದ ಪ್ರೋಗ್ರಾಮುಗಳು ಬಿದ್ದುಹೋಗುತ್ತವೆ. ಕಾರ್ಡ್ ಕೆಟ್ಟಿದೆ ಅಂತ ಎಲ್ಲರೂ ಹೇಳುತ್ತಿದ್ದಾರೆ.

ಕಾರಂಜಾ

4096ಕ್ಕೆ ಸರಿಯಾಗಿ ನಿಂತರೆ ನನಗೆ ಕಾರ್ಡಿನ ಮೇಲೆ ಅನುಮಾನ ಇಲ್ಲ. ಬಫರ್ ಅಡ್ರೆಸ್ ಪ್ರಿಂಟ್ ಮಾಡಿ ನೋಡಿ. ಪ್ರಿಂಟ್‌ಕೆಯಲ್ಲಿ (ಕರ್ನಲ್ಲಿನ ಪ್ರಿಂಟ್ ಫಂಕ್ಷನ್) ಮಾಮೂಲಿ ಪರ್ಸೆಂಟ್ ಪಿ ಹಾಕಿದರೆ 4.15 ಕರ್ನಲ್‌ನಿಂದೀಚೆಗೆ ಕಲಸಿದ ಸಂಖ್ಯೆ ಬರುತ್ತದೆ. ಪರ್ಸೆಂಟ್ ಪಿಎಕ್ಸ್ ಹಾಕಿ, ಆಮೇಲೆ ತೆಗೆದುಬಿಡಿ. ಅಡ್ರೆಸ್ ಯಾವ ಭಾಗದ್ದು ಅಂತ ಹೇಳಿ.

ಶಹಾಪುರದವ

ಟೆಸ್ಟ್ ಪಿಸಿಯಲ್ಲಿ ನೋಕೆಎಎಸ್‌ಎಲ್‌ಆರ್ ಕೊಟ್ಟು ನೋಡಿದೆ. ನಾಲ್ಕು ಎಫ್ ಆದ ಮೇಲೆ ಸಿ900. ವಿಮ್ಯಾಲಾಕ್! ಕೋಡ್ ನೋಡಿದರೆ ವಿಮ್ಯಾಲಾಕ್‌ನಿಂದ ಬಫರ್ ತೆಗೆದು, ಮೊದಲ ಪೇಜಿನ ಫಿಸಿಕಲ್ ಅಡ್ರೆಸ್ ಮಾತ್ರ ಕಂಡುಹಿಡಿದು ಕಾರ್ಡಿಗೆ ಕೊಟ್ಟಿದ್ದಾರೆ.

ಕಾರಂಜಾ

ಸಿಕ್ಕಿತು. ಪೇಜ್ ಟೇಬಲ್ ಇರೋದು ಪ್ರೊಸೆಸರಿಗೆ. ನಡುವೆ ಐಒಎಂಎಂಯು (ಕಾರ್ಡುಗಳಿಗೆ ಅಡ್ರೆಸ್ ಬದಲಿಸಿಕೊಡುವ ಹಾರ್ಡ್‌ವೇರ್) ಕೆಲಸ ಮಾಡದಿದ್ದರೆ ಕಾರ್ಡಿಗೆ ಅಂಥ ಟೇಬಲ್ ಇಲ್ಲ, ಅದಕ್ಕೆ ಗೊತ್ತಿರೋದು ಫಿಸಿಕಲ್ ಅಡ್ರೆಸ್. ಮೊದಲ ಪೇಜ್ ಬರೆದು ಅದು ಮುಂದಿನ ಫಿಸಿಕಲ್ ಪೇಜಿಗೆ ಹೋಯಿತು. ನಿಮ್ಮ ಎರಡನೇ ಪೇಜ್ ಮಾತ್ರ ಬೇರೆಲ್ಲೋ ಇದೆ. ಕಾರ್ಡ್ ಬರೆದದ್ದು ಯಾರದೋ ಮೆಮೊರಿ. ಪ್ರೋಗ್ರಾಮುಗಳು ಬೀಳೋದು ಅದಕ್ಕೇ. ದಯವಿಟ್ಟು ಸರಿಹೋಗುವ ತನಕ ಆ ಡ್ರೈವರನ್ನು ಕೆಲಸದ ಪಿಸಿಯಲ್ಲಿ ಓಡಿಸಬೇಡಿ. ಡಿಸ್ಕಿಗೆ ಬರೆಯಲು ಕಾದಿರುವ ಪೇಜ್ ಸಿಕ್ಕಿದರೆ ಫೈಲುಗಳೇ ಹಾಳಾಗುತ್ತವೆ.

ದಾರಿ ಎರಡು. ಡಿಎಂಎ ಅಲಾಕ್ ಕೊಹೆರೆಂಟ್ ಬಳಸಿ, 2 ಎಂಬಿ ಜಾಗವನ್ನು ಡ್ರೈವರ್ ಲೋಡ್ ಆಗುವಾಗಲೇ ಹಿಡಿದುಬಿಡಿ, ರ‍್ಯಾಮ್ ಚೂರಾಗುವ ಮೊದಲು. ಇಲ್ಲಾ, ಕಾರ್ಡಿಗೆ ಸ್ಕ್ಯಾಟರ್ ಗ್ಯಾದರ್ ಬರುವುದಾದರೆ ಪೇಜ್ ಪೇಜಿನ ಅಡ್ರೆಸ್ ಪಟ್ಟಿಯನ್ನೇ ಕೊಡಿ. ಕೆಮ್ಯಾಲಾಕ್ ಹಾಕಿ ಫಿಸಿಕಲ್ ಅಡ್ರೆಸ್ ನೇರ ಕಳೆದು ಕೊಡೋದು ಬೇಡ. ಐಒಎಂಎಂಯು ಇರುವ ಪಿಸಿಯಲ್ಲಿ ಆ ಲೆಕ್ಕ ಕೈಕೊಡುತ್ತದೆ.

ಶಹಾಪುರದವ

ಮೊದಲನೇ ದಾರಿ ಹಿಡಿದೆ. 2 ಎಂಬಿಯೂ ಸರಿ ಬರುತ್ತಿದೆ. ತುಂಬಾ ಉಪಕಾರ ಆಯಿತು ಅಣ್ಣಾ.

ಆಳಂದ ರೋಡ್

ನನ್ನದೊಂದು ಅನುಮಾನ. ಮೇಲೆ ನಾನೇ ಹೇಳಿದೆ, ಕರ್ನಲ್‌ನ 256 ಸಾಲು ಎಲ್ಲ ಪ್ರೋಗ್ರಾಮಿನ ಟೇಬಲಿನಲ್ಲೂ ಇರುತ್ತವೆ ಅಂತ. ಮೆಲ್ಟ್‌ಡೌನ್ ಅನ್ನೋ ಪ್ರೊಸೆಸರ್ ದೋಷ ಗೊತ್ತಾದ ಮೇಲೂ ಹಾಗೇ ಇದೆಯಾ?

ಬಹಮನಿ

ಇಲ್ಲ, ಅಲ್ಲಿ ಬದಲಾವಣೆ ಆಗಿದೆ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಹೊರಬಿತ್ತು. ಕರ್ನಲ್ ಪೇಜುಗಳು ಟೇಬಲಿನಲ್ಲಿ ಇದ್ದರೆ ಸಾಕು, ಓದಬಾರದು ಅಂತ ಗುರುತಿದ್ದರೂ ಪ್ರೊಸೆಸರ್ ಮುಂದಾಗಿ ಓದಿಬಿಡುವ ದೋಷದಿಂದ ಅದರೊಳಗಿನದು ಸೋರುತ್ತಿತ್ತು. ಡೈರೆಕ್ಟ್ ಮ್ಯಾಪಿನಲ್ಲಿ ರ‍್ಯಾಮ್ ಪೂರ್ತಿ ಇರುತ್ತದೆ ಅಂದಮೇಲೆ ಸೋರಬಹುದಾದದ್ದು ಎಲ್ಲವೂ. ಅದೇ ತಿಂಗಳು ಬಂದ 4.15 ಕರ್ನಲ್‌ನಲ್ಲಿ ಪೇಜ್ ಟೇಬಲ್ ಬೇರ್ಪಡಿಸಿದರು. ಈಗ ಅಂಥ ಪ್ರೊಸೆಸರಿನಲ್ಲಿ ಪ್ರತಿ ಪ್ರೋಗ್ರಾಮಿಗೂ ಮೇಲಿನ ಟೇಬಲ್ ಎರಡು. ಕರ್ನಲ್ ಓಡುವಾಗ ಪೂರ್ತಿಯದು. ಪ್ರೋಗ್ರಾಮ್ ಓಡುವಾಗ ಬಳಸುವ ಟೇಬಲಿನಲ್ಲಿ ಕರ್ನಲ್‌ನೊಳಗೆ ಕಾಲಿಡಲು ಬೇಕಾದ ಚೂರು ಮಾತ್ರ ಇರುತ್ತದೆ.

ಎರಡೂ ಟೇಬಲುಗಳನ್ನು ಪಕ್ಕಪಕ್ಕದ ಎರಡು ಪೇಜಿನಲ್ಲಿ ಇಡುತ್ತಾರೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಮೇಲಿನ ಟೇಬಲ್ ಎಲ್ಲಿದೆ ಅಂತ ಪ್ರೊಸೆಸರಿಗೆ ಹೇಳುವ ಸಿಆರ್3 ರಿಜಿಸ್ಟರಿನ 12ನೇ ಬಿಟ್ ತಿರುಗಿಸಿದರೆ ಸಾಕು. ಇದನ್ನು ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸುವುದು ನನಗೆ ಬಹಳ ಇಷ್ಟ. 4096 ಅಂದರೆ ಎರಡರ ಹನ್ನೆರಡನೇ ಘಾತ, ಅಲ್ವಾ? ಒಂದು ಬಿಟ್, ಒಂದು ಪೇಜಿನ ದೂರ.

ಎಎಂಡಿ ಪ್ರೊಸೆಸರುಗಳಿಗೆ ಮೆಲ್ಟ್‌ಡೌನ್ ತಾಗಿಲ್ಲ, ಅಲ್ಲಿ ಆಳಂದ ರೋಡ್ ಅವರ ಮಾತು ಈಗಲೂ ನಿಜ. ನಿಮ್ಮ ಪಿಸಿಯದು ತಿಳಿಯಲು ಸಿಸ್ ಫೋಲ್ಡರಿನೊಳಗೆ ಸಿಪಿಯು ವಲ್ನರಬಿಲಿಟೀಸ್ ಅನ್ನೋ ಕಡೆ ಮೆಲ್ಟ್‌ಡೌನ್ ಫೈಲ್ ಓದಿ.

ತೊಗರಿಕಣಜ

ಲ್ಯಾಬ್ ಪಿಸಿಯಲ್ಲಿ ಪಿಟಿಐ ಅಂತ ಬಂತು ಮೇಡಂ, ಅಂದರೆ ಟೇಬಲ್ ಬೇರ್ಪಡಿಸಿದೆ. ಕೊನೆಯದೊಂದು. 256 ಟಿಬಿ ಸಾಲದೆ ಐದು ಮಟ್ಟದ ಟೇಬಲ್ ಬಂದಿದೆ ಅಂತ ಓದಿದೆ. ಅಷ್ಟು ಯಾರಿಗೆ ಬೇಕು? ಅದು ಬಂದರೆ ಹಳೇ ಪ್ರೋಗ್ರಾಮುಗಳಿಗೆ ತೊಂದರೆ ಇಲ್ವಾ?

ಕಾರಂಜಾ

ಬೇಕಾಗಿರೋದು ದೊಡ್ಡ ಸರ್ವರುಗಳಿಗೆ. ಡೈರೆಕ್ಟ್ ಮ್ಯಾಪ್ 64 ಟಿಬಿ ಅಂದೆನಲ್ಲ, ಅಂದರೆ ಅದಕ್ಕಿಂತ ಜಾಸ್ತಿ ರ‍್ಯಾಮನ್ನು ನಾಲ್ಕು ಮಟ್ಟದಲ್ಲಿ ಲಿನಕ್ಸ್ ನೋಡಿಕೊಳ್ಳಲಾರದು. ಐದನೇ ಮಟ್ಟ ಬಂದರೆ ಅಡ್ರೆಸ್ 57 ಬಿಟ್, ಒಟ್ಟು 128 ಪಿಬಿ. ಲಿನಕ್ಸ್‌ನಲ್ಲಿ ಇದು 2017ರಲ್ಲಿ 4.14ರಿಂದ ಶುರುವಾಯಿತು. ಸಿಪಿಯುಇನ್ಫೋದಲ್ಲಿ ಎಲ್‌ಎ57 ಫ್ಲ್ಯಾಗ್ ಇದ್ದರೆ ನಿನ್ನ ಪ್ರೊಸೆಸರಿಗೆ ಅದು ಬರುತ್ತದೆ.

ತೊಂದರೆ ಬಗ್ಗೆ ಕೇಳಿದ್ದು ಸರಿಯಾಗಿದೆ. ಕೆಲವು ಪ್ರೋಗ್ರಾಮುಗಳು ಪಾಯಿಂಟರಿನ (ಅಡ್ರೆಸ್ ಇಟ್ಟುಕೊಳ್ಳುವ ವೇರಿಯಬಲ್) ಮೇಲಿನ ಬಿಟ್‌ಗಳು ಹೇಗೂ ಖಾಲಿ ಅಂತ ಅಲ್ಲಿ ತಮ್ಮ ಗುರುತು ಬರೆದಿಟ್ಟುಕೊಳ್ಳುತ್ತವೆ. 57 ಬಿಟ್ ಅಡ್ರೆಸ್ ಸುಮ್ನೆ ಕೊಟ್ಟುಬಿಟ್ಟರೆ ಅವು ಕೆಡುತ್ತವೆ. ಅದಕ್ಕೆ ಐದು ಮಟ್ಟ ಚಾಲೂ ಇದ್ದರೂ ಎಂಮ್ಯಾಪ್ (ಪ್ರೋಗ್ರಾಮ್ ಕರ್ನಲ್ ಬಳಿ ಅಡ್ರೆಸ್ ಕೇಳುವ ಕರೆ) ಮಾಮೂಲಾಗಿ ಹಳೇ 128 ಟಿಬಿಯೊಳಗಿನ ಅಡ್ರೆಸ್ಸನ್ನೇ ಕೊಡುತ್ತದೆ. ಅದಕ್ಕಿಂತ ಮೇಲಿನದು ಬೇಕಾದವರು ಎಂಮ್ಯಾಪ್ ಕರೆಯುವಾಗ ಮೊದಲ ಆರ್ಗ್ಯುಮೆಂಟಿನಲ್ಲಿ 128 ಟಿಬಿ ದಾಟಿದ ಅಡ್ರೆಸ್ ಬರೆದು ಕೇಳಬೇಕು.